ಬೇಚಿರಾಕ್ ಗ್ರಾಮಕ್ಕೆ ನಾವು ಬಂದದ್ದು

ಮೊದಲಿಗೇ ಒಂದು ಅರಿಕೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಹಾಗಾಗಿ ಬರೆಯುವ ಸಂತೋಷಕ್ಕಿಂತ ತಪ್ಪಿಲ್ಲದೆ ಬರೆಯಬೇಕೆಂಬ ಭಯವೇ ನನಗೆ ಹೆಚ್ಚು. ಈ ನೆನಪುಗಳಲ್ಲಿ ಬರುವ ಕೆಲವು ಸಂಗತಿಗಳಿಗೆ ನನ್ನ ಬಳಿ ಕಾರಣಗಳಿಲ್ಲ. ಕಾರಣ ತಿಳಿದಲ್ಲಿ ಹೇಳಿದ್ದೇನೆ. ತಿಳಿಯದಲ್ಲಿ ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗಿದ್ದೇನೆ. ಅದು ಬರವಣಿಗೆಯ ಕೊರತೆಯೆಂದು ತೋರಿದರೆ ಓದುಗರು ದೊಡ್ಡ ಮನಸ್ಸಿನಿಂದ ಹೊಟ್ಟೆಗೆ ಹಾಕಿಕೊಳ್ಳಬೇಕು. ಇನ್ನೊಂದು ತೊಡಕು ಕ್ರಿಯಾಪದದ್ದು. ಆ ಜಾಗಕ್ಕೆ ನಾವು ‘ಹೋದೆವು’ ಎಂದು ಬರೆಯಬೇಕೋ ‘ಬಂದೆವು’ ಎಂದು ಬರೆಯಬೇಕೋ ಎಂಬುದು ನಮ್ಮ ಮನೆಯಲ್ಲಿ ಬಹುಕಾಲ ತೀರ್ಮಾನವಾಗಿರಲಿಲ್ಲ. ಅಪ್ಪ ಮೊದಲ ದಿನದಿಂದಲೇ ‘ಬಂದ್ವಿ’ ಎನ್ನುತ್ತಿದ್ದರು. ಅಮ್ಮ ‘ಹೋದ್ವಿ’ ಎನ್ನುತ್ತಿದ್ದಳು, ಅದೇ ಮನೆಯ ಒಲೆಯ ಮುಂದೆ ಕುಳಿತುಕೊಂಡೇ.

ನಮ್ಮ ಮೊದಲ ಊರು ಚಿಂತಾಮಣಿ ತಾಲ್ಲೂಕಿನಲ್ಲಿ, ಕೈವಾರಕ್ಕೆ ಹತ್ತಿರ. ಮನೆಯಲ್ಲಿ ನಾಲ್ವರು: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ನಮ್ಮ ಹಿಪ್ಪುನೇರಳೆ ತೋಟದ ಮೇಲೆ ಹೊಸ ರಸ್ತೆಯೊಂದು ಹಾದುಹೋಯಿತು. ಪರಿಹಾರವಾಗಿ ಬಂದ ಹಣದಲ್ಲಿ ಅದೇ ಕಡೆ ಒಂದು ಸೈಟು ಬರಬಹುದಿತ್ತು, ಹೊಲ ಬರುತ್ತಿರಲಿಲ್ಲ. ಅಪ್ಪನಿಗೆ ಹೊಲವೇ ಬೇಕಿತ್ತು. ಯಾರೋ ಹೇಳಿದರೆಂದು ಪಡುವಣಕ್ಕೆ ಹೋಗಿ, ಗೌರಿಬಿದನೂರು ತಾಲ್ಲೂಕಿನಲ್ಲಿ ತೊಂಡೇಬಾವಿಯಿಂದ ಆಚೆ ಒಂದು ಗುಡ್ಡದ ಬುಡದಲ್ಲಿ ಜಮೀನು ನೋಡಿ ಬಂದರು.

“ಅಷ್ಟೊಂದು ಭೂಮಿ ಅಷ್ಟು ಅಗ್ಗಕ್ಕೆ ಯಾಕೆ ಕೊಡ್ತಾರಂತೆ?” ಎಂದು ಅಮ್ಮ ಕೇಳಿದಳು.

“ಅಲ್ಲಿ ಜನ ಇಲ್ಲ ಕಣೇ, ಅದಕ್ಕೆ.”

“ಜನ ಯಾಕಿಲ್ಲ?”

“ಇಲ್ಲ ಅಂದ್ರೆ ಇಲ್ಲ. ಖಾಲಿ ಜಾಗ. ಬೇಚಿರಾಕು ಅಂತ ಊರು.”

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: “ಒಂದು ವರ್ಷ ನೋಡ್ತೀನಿ. ಮುಂದಿನ ಯುಗಾದಿಗೆ ನನ್ ಮನಸ್ಸು ಅಲ್ಲಿ ನಿಲ್ಲಲಿಲ್ಲ ಅಂದ್ರೆ ಮೇಲೂರಿಗೆ, ನಮ್ಮಣ್ಣನ ಮನೆಗೆ ಹೋಗ್ತೀನಿ. ಆಗ ಕರಿಯಕ್ಕೆ ಬರಬೇಡಿ.”

ಅಮ್ಮ ಹೆದರಿಸುವ ಮಾತಾಡುವವಳಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲವನ್ನೂ ಅಮ್ಮನ ಮುಖ ನೋಡಿಯೇ ಮಾಡುವುದು ರೂಢಿಯಾಯಿತು.

ನಾನು ಆಗ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದೆ. ಇತಿಹಾಸದ ಒಂದು ಪತ್ರಿಕೆಯಲ್ಲಿ ಅಮೆರಿಕದ ಚರಿತ್ರೆಯಿತ್ತು. ಪೂರ್ವದ ತೀರದಲ್ಲಿ ನೆಲೆಸಿದ್ದ ಬಿಳಿಯರು ಬಟ್ಟೆಯ ಕಮಾನು ಕಟ್ಟಿದ ಬಂಡಿಗಳಲ್ಲಿ ಪಾತ್ರೆಪಡಗ, ಬಿತ್ತನೆ ಬೀಜ, ಮಕ್ಕಳುಮರಿಗಳನ್ನು ತುಂಬಿಕೊಂಡು ಪಡುವಣಕ್ಕೆ ಹೊರಟ ಅಧ್ಯಾಯವನ್ನು ನಮ್ಮ ಮೇಷ್ಟ್ರು ಉತ್ಸಾಹದಿಂದ ಪಾಠ ಮಾಡುತ್ತಿದ್ದರು. ‘ಅವರ ಕಣ್ಣಿಗೆ ಪಶ್ಚಿಮವೆಂದರೆ ಖಾಲಿ ಭೂಮಿ’ ಎಂದು ಬರೆಸಿ, ಸ್ವಲ್ಪ ತಡೆದು, “ಖಾಲಿ ಅನ್ನೋ ಪದಕ್ಕೆ ಉದ್ಧರಣ ಚಿಹ್ನೆ ಹಾಕ್ಕೊಳ್ಳಿ” ಎಂದರು. ಏಕೆಂದು ಯಾರೂ ಕೇಳಲಿಲ್ಲ. ಎಲ್ಲರೂ ಹಾಕಿಕೊಂಡೆವು.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಶಿಡ್ಲಘಟ್ಟದವಳು, ರೇಷ್ಮೆ ನೂಲು ತೆಗೆಯುವ ಮನೆಯವಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ತೆಲುಗು ಆಡುವವಳು. ನಾವು ಊರು ಬಿಡುವ ಸುದ್ದಿ ಕೇಳಿ ಅವಳಿಗೆ ನಗು.

“ಏನೇ, ನಿಮ್ಮಪ್ಪನೂ ಗಾಡಿ ಕಟ್ಟಿದ್ರಾ? ದೊಡ್ಡ ಟೋಪಿ ಹಾಕ್ಕೊಂಡ್ರಾ?”

“ಟೆಂಪೋ ಕಣೇ.”

“ಟೆಂಪೋನಾ? ಛೆ, ಪಾಠಕ್ಕೆ ಮ್ಯಾಚೇ ಆಗಲ್ಲ.”

ಯುಗಾದಿ ಕಳೆದ ಮೇಲೆ ಆ ಟೆಂಪೋದಲ್ಲಿಯೇ ಹೊರಟೆವು. ಚಿಂತಾಮಣಿ ಬಿಟ್ಟು, ಶಿಡ್ಲಘಟ್ಟ ದಾಟಿ, ಚಿಕ್ಕಬಳ್ಳಾಪುರ ದಾಟಿ, ಗೌರಿಬಿದನೂರಿನ ದಾರಿ ಹಿಡಿಯುವ ಹೊತ್ತಿಗೆ ಸೂರ್ಯ ನಮ್ಮ ಎದುರಿಗೆ ಬಂದಿದ್ದ. ಅದಕ್ಕೆ ಮೊದಲು, ಶಿಡ್ಲಘಟ್ಟದ ಬಳಿ ಮೇಲೂರಿಗೆ ತಿರುಗುವ ರಸ್ತೆ ಕಂಡಾಗ ಅಮ್ಮ ಆ ಕಡೆ ಕತ್ತು ತಿರುಗಿಸಿ, ಅದು ಕಣ್ಣಿಗೆ ಮರೆಯಾಗುವವರೆಗೆ ಹಾಗೆಯೇ ಕುಳಿತಿದ್ದಳು. ಅಜ್ಜಿ ಮಾತ್ರ ತೊಡೆಯ ಮೇಲೆ ತುಳಸಿಯ ಕುಂಡ ಇಟ್ಟುಕೊಂಡು, “ಎಂಥಾ ಎಂಡೆ ತಲ್ಲೀ, ಕಣ್ಣಿಗೇ ಹೊಡೀತದೆ” ಎಂದು ತನ್ನ ಅರ್ಧ ತೆಲುಗಿನಲ್ಲಿ ಬಿಸಿಲನ್ನು ಬೈಯುತ್ತಿದ್ದಳು.

ಆ ಜಾಗದಲ್ಲಿ ಜನ ಇರಲಿಲ್ಲವೆಂಬುದು ನಿಜ. ಆದರೆ ಖಾಲಿ ಎಂಬ ಪದ ನನ್ನ ಬಾಯಿಗೆ ಬರಲಿಲ್ಲ. ಗುಡ್ಡದ ಬುಡದಲ್ಲಿ ಸಾಲಾಗಿ ಹುಣಸೆ ಮರಗಳು. ಯಾರೋ ನೆಟ್ಟ ಸಾಲು. ನೆಲಮಟ್ಟದ ಹಾಸುಬಂಡೆಯ ಮೇಲೆ ಒರಳುಗುಳಿಗಳು, ಒಳಗೆ ಕೈಯಾಡಿಸಿದರೆ ಗಾಜಿನಷ್ಟು ನುಣುಪು. ಹೊಲದ ನಡುವೆ ಅಲ್ಲಲ್ಲಿ ಹೊಸ್ತಿಲ ಕಲ್ಲುಗಳು. ಗೋಡೆಗಳಿರಲಿಲ್ಲ, ಬಾಗಿಲುಗಳಿರಲಿಲ್ಲ, ಹೊಸ್ತಿಲುಗಳು ಮಾತ್ರ ಇದ್ದವು. ಹೊಸ್ತಿಲು ತುಳಿಯಬಾರದೆಂದು ಹೇಳಿಸಿಕೊಂಡು ಬೆಳೆದವರು ನಾವು. ಅಜ್ಜಿ ಬಯಲಿನಲ್ಲಿದ್ದ ಆ ಹೊಸ್ತಿಲುಗಳನ್ನೂ ಬಲಗಾಲಿಟ್ಟು ದಾಟುತ್ತಿದ್ದಳು. ದಾಟುವಾಗ ತಲೆ ಬಗ್ಗಿಸುತ್ತಿದ್ದಳು, ಮೇಲೊಂದು ಬಾಗಿಲವಾಡ ಇದೆಯೆಂಬಂತೆ. ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಕೆಲವು ದಿನಗಳಾದ ಮೇಲೆ ನಾನೂ ಅಲ್ಲಿ ತಲೆ ಬಗ್ಗಿಸುತ್ತಿದ್ದೇನೆಂದು ನನಗೇ ಗೊತ್ತಾಯಿತು.

ಹೊಲದ ಒಂದು ಮೂಲೆಯಲ್ಲಿ, ಹಳೆಯ ಹೊಸ್ತಿಲುಗಳಿಂದ ದೂರದಲ್ಲಿ, ತಗಡಿನ ಶೆಡ್ಡು ಹಾಕಿಕೊಂಡು ಇಳಿದೆವು. ಪಕ್ಕದೂರು ಮೂಡಲಿಗೆ ಒಂದು ಮೈಲಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಊರಿನ ವಯಸ್ಸಾದ ಹೆಂಗಸೊಬ್ಬಳು ಆಡುಗಳನ್ನು ಹೊಡೆದುಕೊಂಡು ನಮ್ಮ ಶೆಡ್ಡಿನ ಮುಂದೆ ಹಾದುಹೋದಳು. ನಿಲ್ಲದೆ, ದಿನವೂ ನೋಡುವವರನ್ನು ಕೇಳಿದಂತೆ ಕೇಳಿದಳು:

“ಬಂದ್ರಾ?”

“ಬಂದ್ವಮ್ಮಾ” ಎಂದಳು ಅಜ್ಜಿ.

“ಬೋ ತಡ ಆಯ್ತು” ಎಂದು ಹೇಳಿ ಅವಳು ಆಡುಗಳ ಹಿಂದೆ ಹೊರಟೇಹೋದಳು.

ಅಜ್ಜಿ ನನ್ನ ಕಡೆ ತಿರುಗಿ, “ಎವರಿಕಿ ತಡ? ಯಾರಿಗಮ್ಮಾ ತಡ ಆಗಿದ್ದು?” ಎಂದು ಕೇಳಿದಳು. ಟೆಂಪೋ ತಡವಾಗಿ ಬಂದದ್ದನ್ನು ಹೇಳಿರಬೇಕೆಂದು ನಾನು ಸಮಾಧಾನ ಹೇಳಿದೆ. ನನಗೇ ಸಮಾಧಾನವಾಗಲಿಲ್ಲ.

ಮಟಮಟ ಮಧ್ಯಾಹ್ನಗಳಲ್ಲಿ ಆ ಹೊಲದಲ್ಲಿ ಒಂದು ಸದ್ದು ಕೇಳಿಸುತ್ತಿತ್ತು. ದೂರದಲ್ಲಿ ಯಾರೋ ಕುಟ್ಟುತ್ತಿರುವ ಸದ್ದು. ಎರಡು ಪೆಟ್ಟು, ಒಂದು ಬಿಡುವು, ಮತ್ತೆ ಎರಡು ಪೆಟ್ಟು. ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದೇ ಒರಳಿಗೆ ಒನಕೆ ಹಾಕಿದರೆ ಹಾಗೆ ಕೇಳಿಸುತ್ತದೆ. “ಗುಡ್ಡದಾಚೆ ಕಲ್ಲಿನ ಕ್ವಾರಿ ಇದೆಯಲ್ಲ, ಅದರ ಸದ್ದು ತಿರುಗಿ ಬರ್ತದೆ” ಎಂದರು ಅಪ್ಪ. ಅದು ಸರಿಯಾದ ಕಾರಣವೇ. ಆದರೆ ಭಾನುವಾರ ಕ್ವಾರಿಗೆ ರಜೆ. ಅಮ್ಮ ಭಾನುವಾರ ಮಧ್ಯಾಹ್ನ ಶೆಡ್ಡಿನ ಹೊರಗೆ ಹಾಸುಬಂಡೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದಳು. ಏನು ಕೇಳಿಸಿತೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಹೇಳಿದ್ದರೆ ಅದು ಆ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು.

ಮೊದಲ ಮಳೆ ಬಿದ್ದ ಮೇಲೆ ಉಳುಮೆಗೆ ಪಕ್ಕದೂರಿನಿಂದ ಟ್ರ್ಯಾಕ್ಟರ್ ಬಂತು. ಹುಣಸೆ ಸಾಲಿನ ಹತ್ತಿರ ನೆಲದಿಂದ ತಮಟೆಯಂತಹ ಶಬ್ದ ಬಂದು, ಹಿಂದಿನ ಗಾಲಿ ಮೊಣಕಾಲಿನಷ್ಟು ಕುಸಿಯಿತು. ಚಾಲಕ ಹಾರಿ ಇಳಿದು ದೂರ ನಿಂತ. ಗಾಲಿಯನ್ನು ಮೇಲಕ್ಕೆತ್ತಿ ನೋಡಿದರೆ ಕೆಳಗೊಂದು ಹಗೇವು. ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ಹಾಗೆನ್ನುತ್ತಾರೆ: ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಅದರೊಳಗಿನಿಂದ ತಣ್ಣನೆಯ ಗಾಳಿ ಬಂತು. ಗಾಳಿಯಲ್ಲಿ ಹೊಸ ರಾಗಿಯ ವಾಸನೆಯಿತ್ತು. ಮುಗ್ಗಲು ವಾಸನೆಯಿರಬೇಕಿತ್ತು, ಇರಲಿಲ್ಲ.

ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುವುದು ಪದ್ಧತಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆ ಎಂದರ್ಥ. ಅಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟರು. ಅರ್ಧ ದಾರಿಯಲ್ಲಿ ಅದು ಆರಿತು. ಮತ್ತೆ ಹಚ್ಚಿ ಬಿಟ್ಟರು, ಮತ್ತೆ ಆರಿತು. ವಿಜ್ಞಾನದ ಕಾರಣ ನನಗೆ ತಿಳಿದಿತ್ತು, ಹೇಳಿದೆ ಕೂಡ. ಚಾಲಕ ಅಪ್ಪನಿಗೆ ಮಾತ್ರ ಕೇಳುವಂತೆ, “ಇಲ್ಲಿ ದೀಪ ನಿಲ್ಲಲ್ಲ ಯಜಮಾನ್ರೇ, ಸುಮ್ನೆ ಎಣ್ಣೆ ದಂಡ” ಎಂದ. ಅಮ್ಮನಿಗೂ ಅದು ಕೇಳಿಸಿತು.

ಶ್ರಾವಣದಲ್ಲಿ ಎರಡು ಕೋಣೆಯ ಮನೆ, ಪಕ್ಕದಲ್ಲಿ ಒಂದು ಹಸುವಿಗೆ ಕೊಟ್ಟಿಗೆ ಎದ್ದವು. ಗೃಹಪ್ರವೇಶಕ್ಕೆ ಅಪ್ಪ ಹಟ ಹಿಡಿದು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದರು. ಕರಡನ್ನು ನನಗೆ ಕೊಟ್ಟು ಕಾಗುಣಿತ ನೋಡಲು ಹೇಳಿದರು. ‘ಬೇಚಿರಾಕ್ ಗ್ರಾಮದಲ್ಲಿ ನೂತನವಾಗಿ ನಿರ್ಮಿಸಿರುವ ಸ್ವಗೃಹದಲ್ಲಿ’ ಎಂದಿತ್ತು. ‘ನಿರ್ಮಿಸಿರುವ’ ಸರಿಯೋ ‘ನಿರ್ಮಿಸಲಾಗಿರುವ’ ಸರಿಯೋ ಎಂದು ಬಹಳ ಹೊತ್ತು ಯೋಚಿಸಿದೆ. ಸರ್ವೆಯವರು, ದಲ್ಲಾಳಿ, ಅಪ್ಪ, ಎಲ್ಲರೂ ಆಡುತ್ತಿದ್ದ ಊರಿನ ಹೆಸರಿನ ಬಗ್ಗೆ ಯಾರಿಗೆ ಅನುಮಾನ ಬಂದೀತು?

ಪತ್ರಿಕೆಯನ್ನು ಕಾಲೇಜಿನಲ್ಲಿ ಗೆಳತಿಗೆ ಕೊಟ್ಟೆ. ಓದುತ್ತಾ ಓದುತ್ತಾ ಅವಳ ನಗು ನಿಂತಿತು.

“ಇದು ಊರಿನ ಹೆಸರಾ?”

“ಹೂಂ. ಯಾಕೇ?”

“ಬೇ ಅಂದ್ರೆ ಇಲ್ಲ. ಚಿರಾಗ್ ಅಂದ್ರೆ ದೀಪ. ಬೇಚಿರಾಗ್. ದೀಪ ಹಚ್ಚೋರು ಯಾರೂ ಉಳಿದಿಲ್ಲದ ಊರು ಅಂತ ಕಣೇ. ನಮ್ಮ ಅಮ್ಮೀಜಾನ್ ಬೈಯೋವಾಗ ಹೇಳ್ತಾರೆ, ನಿನ್ ಮನೆ ಬೇಚಿರಾಗ್ ಆಗ್ಲಿ ಅಂತ. ನೀವು ಕಾರ್ಡ್ ಹೊಡ್ಸಿದೀರಾ?”

ಅದು ಹೆಸರಾಗಿರಲಿಲ್ಲ, ಕಂದಾಯದವರು ನಿರ್ಜನವಾದ ಊರುಗಳಿಗೆಲ್ಲ ಇಡುವ ಗುರುತು. ನಿಜವಾದ ಹೆಸರು ಏನಿತ್ತೆಂದು ಆಮೇಲೆ ಕೇಳಿದರೆ ಹೇಳಬಲ್ಲವರು ಸಿಗಲಿಲ್ಲ. ಪಕ್ಕದೂರಿನವರು ಅದನ್ನು ‘ಹಾಳೂರು’ ಎನ್ನುತ್ತಿದ್ದರು, ನಮ್ಮನ್ನು ‘ಹಾಳೂರವರು’ ಎನ್ನುತ್ತಿದ್ದರು. ಬೈಗುಳವೆಂದು ಅಮ್ಮನಿಗೆ ಸಿಟ್ಟು. ಅವರು ಬೈಯುತ್ತಿರಲಿಲ್ಲ. ಬೈಗುಳವಾಗಿದ್ದರೆ ಬಹುಶಃ ಸುಲಭವಾಗುತ್ತಿತ್ತು.

ಗೃಹಪ್ರವೇಶಕ್ಕೆ ಪಕ್ಕದೂರಿನಿಂದ ಅನೇಕರು ಬಂದು ಉಂಡರು. ಊರಿನ ಯಜಮಾನರು ವೀಳ್ಯ ಮೆಲ್ಲುತ್ತಾ ಹಳೆಯ ಕತೆ ಹೇಳಿದರು. ಅವರ ತಾತನ ತಾತನ ಕಾಲದಲ್ಲಿ ಮನೆಗಳೊಳಗೆ ಇಲಿಗಳು ಸತ್ತು ಬಿದ್ದವಂತೆ. ಇಲಿ ಬಿದ್ದರೆ ಪ್ಲೇಗು ಬಂತೆಂದು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವುದು ಆಗಿನ ವಾಡಿಕೆ. ಪಕ್ಕದೂರಿನವರು ಮೂಡಲಿಗೆ ಹೋದರು. ಈ ಊರಿನವರು ಪಡುವಲಿಗೆ, ಗುಡ್ಡದಾಚೆಗೆ ಹೋದರು.

“ಒಬ್ಬರಿಗೊಬ್ರು ಹೊಗೆ ತೋರಿಸೋದು ಅಂತ ಮಾತಾಗಿತ್ತಂತೆ. ಒಲೆ ಹೊಗೆ ಕಂಡ್ರೆ ಬದುಕವ್ರೆ ಅಂತ. ದಿನಾ ಕಾಣ್ತಿತ್ತಂತೆ. ಆಮೇಲೆ ಕಾಣಲಿಲ್ಲ. ಹೋಗಿ ನೋಡಿದ್ರೆ ಗುಡಿಸಲೂ ಇಲ್ಲ, ಹೆಣಾನೂ ಇಲ್ಲ. ಇನ್ನೂ ಮುಂದಕ್ಕೆ ಹೋದ್ರೇನೋ ಅಂದ್ಕೊಂಡ್ರು. ಬರ್ತಾರೆ ಅಂತಾನೇ ಇದ್ವಿ. ಬಂದ್ರಲ್ಲ.”

“ನಾವು ಚಿಂತಾಮಣಿ ಕಡೆಯೋರು” ಎಂದಳು ಅಮ್ಮ.

ಹಿಂದಿನಿಂದ ಯಾರೋ ಒಬ್ಬ, “ಪಡುವಲಿಗೆ ಹೋದೋರು ಮೂಡಲಿಂದ ಬಂದವ್ರೆ. ಭೂಮಿ ಸುತ್ಕೊಂಡು ಬಂದ್ರೇನೋ, ಅದಕ್ಕೆ ಇಷ್ಟು ತಡ” ಎಂದ. ಎಲ್ಲರೂ ನಕ್ಕರು, ಯಜಮಾನರೊಬ್ಬರನ್ನು ಬಿಟ್ಟು.

ಅದಾದ ಮೇಲೆ ಸಾಮಾನುಗಳು ಬರತೊಡಗಿದವು. ಮೊದಲು ಬಂದದ್ದು ಒಂದು ಒನಕೆ. ಇಬ್ಬರು ಹೆಂಗಸರು ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಹೊತ್ತು ತಂದು ನಮ್ಮ ಜಗುಲಿಗೆ ಒರಗಿಸಿದರು.

“ಏನಮ್ಮಾ ಇದು?” ಎಂದು ಅಮ್ಮ ಕೇಳಿದಳು.

“ನಿಮ್ದೇ ಕಣಕ್ಕಾ. ಹಾಳೂರಿಂದ ಎರವಲು ತಂದಿದ್ದು. ಇಲಿ ಬಿದ್ದಾಗ ಕೊಡಾಕಾಗ್ಲಿಲ್ಲ. ನಮ್ಮತ್ತೆಗೆ ಅವರತ್ತೆ ಹೇಳಿ, ನಮ್ಮತ್ತೆ ನಮ್ಗೆ ಹೇಳಿ ಇಟ್ಟಿದ್ರು. ಎರವಲು ತಂದಿದ್ದು ಮನೇಲಿದ್ರೆ ಏಳ್ಗೆ ಆಗಲ್ಲ.”

“ನಮ್ದಲ್ಲ ಅಂತೀನಲ್ಲ.”

“ಇನ್ಯಾರ್ದು? ನೀವು ತಾನೇ ಇಲ್ಲಿರೋದು?”

ಆ ಒನಕೆಯನ್ನು ಅಮ್ಮ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ, ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದಳು. ಅಂದಿನಿಂದ ಮಧ್ಯಾಹ್ನದ ಆ ಸದ್ದು ನಿಂತುಹೋಯಿತು. ಕ್ವಾರಿಯ ಕೆಲಸ ಆ ತಿಂಗಳಲ್ಲೇ ನಿಂತಿತೆಂದು ಅಪ್ಪ ಹೇಳಿದರು. ಅದೂ ನಿಜವೇ. ಎರಡೂ ಒಂದೇ ಸಲ ಆದವು ಎಂಬುದಷ್ಟೇ ನಾನು ಹೇಳಬಲ್ಲೆ.

ಆಮೇಲೆ ಒಂದು ಹಿತ್ತಾಳೆಯ ಸೌಟು. ಒಂದು ಜರಡಿ, ಅದರ ಬಲೆಯನ್ನು ಇಷ್ಟು ತಲೆಮಾರುಗಳಲ್ಲಿ ಎಷ್ಟೋ ಸಲ ಬದಲಾಯಿಸಿದ್ದರೂ ಚೌಕಟ್ಟು ಹಳೆಯದೇ ಅಂತೆ. ಒಂದು ಎತ್ತಿನ ಕೊರಳಗಂಟೆ. ತಂದವರೆಲ್ಲ ಹೊರೆ ಇಳಿಸಿದವರಂತೆ ಹಗುರಾಗಿ ಹಿಂದಿರುಗುತ್ತಿದ್ದರು. ಅಪ್ಪನಿಗೆ ಒಳಗೊಳಗೇ ಸಂತೋಷ. ಜನ ನಮ್ಮನ್ನು ಒಪ್ಪಿಕೊಳ್ಳುತ್ತಿದ್ದಾರೆ ಎಂದು. “ಒಪ್ಕೊಳ್ತಾ ಇರೋದು ನಮ್ಮನ್ನಲ್ಲ” ಎಂದಳು ಅಮ್ಮ. ಅಜ್ಜಿ ಆ ಸೌಟನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಆದರೆ ಅದರಲ್ಲಿ ಬಡಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ, ಯುಗಾದಿ ಇನ್ನೇನು ಹತ್ತಿರ ಬಂದಿದ್ದಾಗ, ನಾನು ಮತ್ತು ಅಮ್ಮ ಹೊಲದಿಂದ ಊಟಕ್ಕೆ ಮನೆಗೆ ಬಂದೆವು. ಜಗುಲಿಯ ಮೇಲೆ ಒಂದು ತೊಟ್ಟಿಲಿತ್ತು. ಕಪ್ಪಗಾದ ಮರ, ನಾಲ್ಕು ಮೂಲೆಗೂ ಗಿಳಿಗಳು. ಸುತ್ತ ಯಾರೂ ಇರಲಿಲ್ಲ. ಅಜ್ಜಿ ಹಿತ್ತಿಲಲ್ಲಿದ್ದಳು, ಅವಳಿಗೇನೂ ಗೊತ್ತಿರಲಿಲ್ಲ. ಹೆಸರಿಡುವ ಶಾಸ್ತ್ರಕ್ಕೆಂದು ಈ ಊರಿನಿಂದ ಪಕ್ಕದೂರಿನವರು ತೆಗೆದುಕೊಂಡು ಹೋಗಿದ್ದ ತೊಟ್ಟಿಲದು ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ನಮಗೆ ಕಂಡದ್ದು ಇಷ್ಟೇ: ಜಂತೆಗೆ ಕಟ್ಟದೆ ನೆಲದ ಮೇಲೆ ಇಟ್ಟಿದ್ದ ತೊಟ್ಟಿಲು, ಒಳಗೆ ಮಡಿಸಿಟ್ಟ ಒಂದು ಹೊಸ ಬಟ್ಟೆ, ಮತ್ತು ಆ ಬಟ್ಟೆಯ ನಡುವೆ ಏನೋ ಮಲಗಿದ್ದು ಎತ್ತಿಕೊಂಡ ಹಾಗೆ ಒಂದು ತಗ್ಗು. ಬೆಕ್ಕು ಮಲಗಿದ್ದಿರಬಹುದು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ.

ಅಮ್ಮ ಊಟ ಮಾಡಲಿಲ್ಲ. ಒಳಗೆ ಹೋಗಿ ತನ್ನ ಸೀರೆಗಳನ್ನು ಬ್ಯಾಗಿಗೆ ತುಂಬಿದಳು. ಅಪ್ಪ ಬಂದಾಗ ಹೇಳಿದಳು: “ಇನ್ನು ಆಗಲ್ಲ. ಯಾರದೋ ಮಗೂನ ನಾನು ತೂಗಲ್ಲ. ಬೆಳಿಗ್ಗೆ ಮೇಲೂರಿಗೆ ಹೋಗ್ತೀನಿ.”

ಅಪ್ಪ ವಾದಿಸಲಿಲ್ಲ. ಹೊಸ್ತಿಲ ಮೇಲೆ ಕೂರಬಾರದೆಂಬುದನ್ನೂ ಮರೆತು ಅಲ್ಲಿಯೇ ಕುಳಿತರು. “ನಾಡಿದ್ದು ಪಕ್ಕದೂರಲ್ಲಿ ಆಂಜನೇಯನ ಪರ. ಯಜಮಾನ್ರೇ ಬಂದು ನಾಲ್ಕೂ ಜನಕ್ಕೂ ಹೇಳಿ ಹೋಗವ್ರೆ. ಅದೊಂದು ಮುಗಿಸ್ಕೊಂಡು ಹೋಗು. ನಾನೇ ಬಸ್ ಹತ್ತಿಸ್ತೀನಿ.”

ಪರ ಎಂದರೆ ದೇವರ ಹೆಸರಿನಲ್ಲಿ ಊರೆಲ್ಲ ಒಟ್ಟಿಗೆ ಕುಳಿತು ಮಾಡುವ ಊಟ. ಅಮ್ಮ ಒಪ್ಪಿದಳು. ಬ್ಯಾಗನ್ನು ಮಾತ್ರ ಬಿಚ್ಚಲಿಲ್ಲ.

ಪರದ ದಿನ ಗುಡಿಯ ಮುಂದಿನ ಬಯಲಿನಲ್ಲಿ ಮುತ್ತುಗದ ಎಲೆಗಳನ್ನು ಸಾಲಾಗಿ ಹಾಕಿದ್ದರು. ಒಂದೊಂದು ಮನೆತನಕ್ಕೂ ಅದರದೇ ಜಾಗ. ಯಾರ ಎಲೆ ಎಲ್ಲಿ ಎಂದು ಮಕ್ಕಳಿಗೂ ಗೊತ್ತು. ಪಡುವಲ ತುದಿಯಲ್ಲಿ, ಸಾಲಿನಿಂದ ಸ್ವಲ್ಪ ಬಿಟ್ಟು, ಒಂದೇ ಒಂದು ಎಲೆಯಿತ್ತು. ಅದಕ್ಕೂ ನೀರು ಚಿಮುಕಿಸಿ, ಉಪ್ಪು, ಕೋಸಂಬರಿ, ಪಾಯಸ, ಎಲ್ಲವನ್ನೂ ಬಡಿಸುತ್ತಿದ್ದರು. ಅದರ ಮುಂದೆ ಯಾರೂ ಕುಳಿತಿರಲಿಲ್ಲ.

“ಅದು ಹಾಳೂರಿನ ಎಲೆ” ಎಂದರು ಯಜಮಾನರು. “ಹೊರಡೋವಾಗ ಹೇಳಿ ಹೋಗಿದ್ರಂತೆ, ಪರ ಮಾಡಿದ್ರೆ ನಮ್ಮ ಎಲೆ ಹಾಕ್ಸಿರಿ, ಬರ್ತೀವಿ ಅಂತ. ಒಂದು ವರ್ಷಾನೂ ತಪ್ಪಿಸಿಲ್ಲ. ಕೂತ್ಕೊಳ್ಳಿ ಯಜಮಾನ್ರೇ. ಕಾಯೋದು ಮುಗೀಲಿ.”

ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿ ನಮ್ಮತ್ತ ನೋಡುತ್ತಿದ್ದರು. ಅಪ್ಪ ಹೆಗಲ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದರು. ಅವರಿಗೆ ಅದೊಂದು ಗೌರವ. ಆ ಎಲೆಯ ಮುಂದೆ ಕುಳಿತರೆ ನಮಗೊಂದು ಊರು, ನಾಲ್ಕು ಜನ ಹೇಳುವವರು ಕೇಳುವವರು, ಸತ್ತರೆ ಹೊರಲು ಹೆಗಲು. ಕುಳಿತುಕೊಳ್ಳಲು ಬಗ್ಗಿದರು.

“ಏನೂಂದ್ರೆ, ನಿಲ್ಲಿ” ಎಂದಳು ಅಮ್ಮ.

ಗಂಡಸರ ಸಾಲಿನಲ್ಲಿ ಅವಳು ಹಾಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಯಜಮಾನರ ಕಡೆ ತಿರುಗಿದಳು.

“ಅದು ನಮ್ಮೆಲೆ ಅಲ್ಲ ಯಜಮಾನ್ರೇ. ಅವರು ಬರ್ತೀವಿ ಅಂತ ಹೇಳಿ ಹೋಗಿದ್ದು. ನಾವು ಕೂತ್ರೆ ನಾಳೆ ಅವರು ಬಂದಾಗ ಎಲ್ಲಿ ಕೂರ್ತಾರೆ?”

“ಅವ್ರೆಲ್ಲಿ ಬರ್ತಾರಮ್ಮಾ ಇನ್ನು” ಎಂದಿತು ಸಾಲಿನಿಂದ ಒಂದು ದನಿ.

“ಬರಲ್ಲ ಅಂತ ಗೊತ್ತಿದ್ರೆ ನೀವ್ಯಾಕೆ ಇಷ್ಟು ವರ್ಷ ಹಾಕಿದ್ರಿ?”

ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. “ಒನಕೆ, ಸೌಟು, ತೊಟ್ಟಿಲು, ಎಲ್ಲಾ ತಂದು ನಮ್ಮ ಜಗುಲೀಲಿ ಇಟ್ರಿ. ಇರ್ಲಿ. ಅವರ ಸಾಮಾನು ಅಂತ ಕಾಯ್ತೀನಿ. ಬಂದ್ರೆ ಕೊಡ್ತೀನಿ. ನನ್ದು ಅಂತ ಮಾತ್ರ ಇಟ್ಕೊಳ್ಳಲ್ಲ. ನಾವು ಬೇರೆಯೋರು. ಈಗ ಬಂದಿರೋರು. ನಮ್ಮನ್ನ ಉಣ್ಣಾಕೆ ಕರೆದಿದ್ದು ನಿಜ ಆಗಿದ್ರೆ ನಮಗೆ ಬೇರೆ ಎಲೆ ಹಾಕಿ. ಇಲ್ಲಾಂದ್ರೆ ಕೈ ಮುಗಿದು ಹೋಗ್ತೀವಿ.”

ಅವಳ ಬಾಯಿಂದ ‘ಬಂದಿರೋರು’ ಎಂಬ ಮಾತು ಬಂದದ್ದನ್ನು ಅಪ್ಪ ಗಮನಿಸಿದರೋ ಇಲ್ಲವೋ ನನಗೆ ತಿಳಿಯದು. ನಾನು ಗಮನಿಸಿದೆ.

ಯಜಮಾನರು ಬಹಳ ಹೊತ್ತು ಆ ಒಂಟಿ ಎಲೆಯನ್ನು ನೋಡುತ್ತಿದ್ದರು. ಹೊಸ ಎಲೆ ಹಾಕುವುದೆಂದರೆ ಊರಿಗೆ ಹೊಸ ಮನೆತನ ಸೇರಿಸಿಕೊಂಡಂತೆ. ಅವರು ಕಂಡ ಕಾಲದಲ್ಲಿ ಅದು ನಡೆದಿರಲಿಲ್ಲವಂತೆ. ಆಡುಗಳ ಆ ಮುದುಕಿ ಹೆಂಗಸರ ಸಾಲಿನಿಂದ ಕೂಗಿದಳು: “ಹಾಕೋ ಮಗಾ. ಸಾರು ಆರ್ತಾ ಅದೆ. ಒಂದು ಎಲೆಗೆ ಇಷ್ಟು ಯೋಚ್ನೆಯಾ?” ಅಲ್ಲೊಂದು ನಗು ಹುಟ್ಟಿ ಸಾಲಿನುದ್ದಕ್ಕೂ ಹರಿಯಿತು. ಯಜಮಾನರು ತಾವೇ ಎದ್ದು ಬಂದು, ಹಾಳೂರಿನ ಎಲೆಗೂ ಊರಿನ ಸಾಲಿಗೂ ನಡುವೆ ಇದ್ದ ಖಾಲಿಯಲ್ಲಿ ನಾಲ್ಕು ಎಲೆ ಹಾಕಿದರು. ಗಂಡಸರ, ಹೆಂಗಸರ ಸಾಲು ಬೇರೆಯಾದರೂ ಆ ದಿನ ನಾವು ನಾಲ್ವರೂ ಒಟ್ಟಿಗೇ ಕುಳಿತೆವು. ತುದಿಯಲ್ಲಿ ಅಮ್ಮ, ಅವಳ ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಆ ಎಲೆ.

ಊಟ ನಡೆಯುವಾಗ ನಾನು ಅಮ್ಮನ ಎಲೆಯನ್ನೇ ನೋಡುತ್ತಿದ್ದೆ, ಉಣ್ಣುತ್ತಾಳೋ ಇಲ್ಲವೋ ಎಂದು. ಉಂಡಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ನಮ್ಮಲ್ಲಿ ಶುಭದ ಊಟವಾದ ಮೇಲೆ ಎಲೆಯನ್ನು ತಮ್ಮ ಕಡೆಗೆ ಮಡಚಿ ಏಳುವುದು ವಾಡಿಕೆ. ಬಡಿಸಿದವರ ಸಂಬಂಧ ಮುಂದುವರಿಯಲಿ ಎಂದು. ಎಲ್ಲರೂ ಮಡಚಿ ಎದ್ದರು. ಹಾಳೂರಿನ ಎಲೆಯನ್ನು ಯಾರೂ ಮಡಚುವುದಿಲ್ಲ. ಹಾಗೆಯೇ ಎತ್ತಿ ಪಡುವಲಿಗೆ ಒಯ್ದು ಬಿಡುತ್ತಾರೆ. ಕೈತೊಳೆದುಕೊಂಡು ತಿರುಗಿ ಬಂದಾಗ ಎಲೆ ಎತ್ತುವವನು ಅದರ ಮುಂದೆ ಬಗ್ಗಿ ನಿಂತಿದ್ದ. ಎಲೆ ಮಡಚಿತ್ತು. ನಡುವೆ ನೇರವಾದ ಗೆರೆ, ಅಂಚಿಗೆ ಅಂಚು ಕೂಡಿತ್ತು, ಮಡಚಿದ್ದು ಕೂರುವವರ ಕಡೆಗೆ.

ಗಾಳಿಯಿತ್ತೆಂದು ಬರೆದರೆ ಓದುಗರಿಗೆ ಅನುಕೂಲವಾಗುತ್ತಿತ್ತು. ಆ ಮಧ್ಯಾಹ್ನ ಹುಣಸೆಯ ಎಲೆಯೂ ಅಲುಗುತ್ತಿರಲಿಲ್ಲ. ಯಾವುದೋ ಕೈ ತುಂಟತನಕ್ಕೆ ಮಡಚಿರಬಹುದು. ಹಾಗೆಂದು ಯಜಮಾನರು ಎಲ್ಲರನ್ನೂ ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ. ಬಡಿಸಿದ್ದೆಲ್ಲ ಒಳಗೆ ಹಾಗೆಯೇ ಇತ್ತೋ ಇಲ್ಲವೋ ಎಂದು ಬಿಚ್ಚಿ ನೋಡಲು ಅವರು ಬಿಡಲಿಲ್ಲ. ಅಮ್ಮ ಅದನ್ನು ನೋಡಿ, ಒಂದು ಸಲ ಕೈ ಮುಗಿದು, “ನಡೀರಿ ಮನೆಗೆ ಹೋಗಣ, ಹಸು ಕರೆಯೋ ಹೊತ್ತಾಯ್ತು” ಎಂದಳು. ಮನೆಗೆ ಬಂದವಳೇ ಸೆರಗು ಸಿಕ್ಕಿಸಿ, ಚೊಂಬು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಅಪ್ಪ ಬ್ಯಾಗಿನ ಮಾತೆತ್ತಲಿಲ್ಲ. ಮರುದಿನ ಬಸ್ಸಿನ ಹೊತ್ತೂ ಮೀರಿತು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇವು. ಅಮ್ಮ ಮೇಲೂರಿಗೆ ಹಬ್ಬಕ್ಕೆ ಹೋಗಿ ಬರುತ್ತಾಳೆ, ಉಳಿಯುವುದಿಲ್ಲ. ಅಜ್ಜಿ ಎರಡು ವರ್ಷಗಳ ನಂತರ ತೀರಿಕೊಂಡಳು. ಪಕ್ಕದೂರಿನವರು ಬಂದು ಹೆಗಲು ಕೊಟ್ಟರು. ನಮ್ಮ ಹೊಲದ ಪಕ್ಕದಲ್ಲಿ ಕೋಲಾರದ ಕಡೆಯಿಂದ ಬಂದ ಎರಡು ಮನೆಯವರು ನೆಲೆಸಿದ್ದಾರೆ, ಕರೆಂಟಿನ ಕಂಬ ಬಂದಿದೆ, ಹಿಪ್ಪುನೇರಳೆ ಕೈಗೆ ಬಂದಿದೆ. ಕೊಟ್ಟಿಗೆಯ ಒಂದು ಮೂಲೆಯನ್ನು ಅಮ್ಮ ಬೇರೆಯವರ ಸಾಮಾನಿಗೆಂದೇ ಬಿಟ್ಟಿದ್ದಾಳೆ ಮತ್ತು ವರ್ಷಕ್ಕೊಮ್ಮೆ ಎಲ್ಲವನ್ನೂ ತೊಳೆದಿಡುತ್ತಾಳೆ. ನಾನು ಎಂ.ಎ. ಮುಗಿಸಿ ಗೌರಿಬಿದನೂರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಪರದ ದಿನ ಈಗ ನಮ್ಮ ಮನೆಗೆ ನಾಲ್ಕರ ಬದಲು ಮೂರು ಎಲೆ ಹಾಕುತ್ತಾರೆ.